ನೆಲಮಾಳಿಗೆಯ ಚಿತ್ರಮಂದಿರ ಮತ್ತು ನೆರೆಮನೆಯ ನಿದ್ರೆ

ಪರವೂರಿನಲ್ಲಿ ನೆಲೆಸಿದ ನಮ್ಮವರಲ್ಲಿ ಇತ್ತೀಚೆಗೆ ಹೊಸದೊಂದು ಆಸೆ ಚಿಗುರಿರುವುದನ್ನು ವಾಚಕರು ಗಮನಿಸಿರಬಹುದು. ಹೋಟೆಲಿನ ಗಲ್ಲೆಯಲ್ಲಿ ಕುಳಿತು ಕೂದಲು ನರೆಸಿಕೊಂಡವರೂ, ಬ್ಯಾಂಕು, ವಿಮಾ ಕಚೇರಿಗಳಲ್ಲಿ ಗುಮಾಸ್ತೆಗಿರಿ ಮಾಡಿ ನಿವೃತ್ತರಾದವರೂ, ಮೂವತ್ತು ನಲವತ್ತು ವರ್ಷ ಚಾಳಿನ ಕೋಣೆಯಲ್ಲಿ ದಿನ ದೂಡಿದ ಮೇಲೆ ಡೊಂಬಿವಿಲಿ, ಪನವೇಲು, ಪುಣೆಯ ಹೊರವಲಯ ಮುಂತಾದ ಕಡೆಗಳಲ್ಲಿ ಸ್ವಂತದ್ದೆಂದು ಹೇಳಿಕೊಳ್ಳುವಂಥ ಮನೆ ಮಾಡಿಕೊಳ್ಳುತ್ತಿದ್ದಾರೆ. ಆ ಮನೆಯಲ್ಲಿ ಒಂದು ಕೋಣೆಯನ್ನು ಚಿತ್ರ ನೋಡುವುದಕ್ಕೆಂದೇ ಮೀಸಲಾಗಿಡಬೇಕೆಂಬುದೇ ಆ ಆಸೆ. ಇದನ್ನು ದುಂದುಗಾರಿಕೆಯೆಂದು ಹೀಯಾಳಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಹೊರನಾಡಿನ ನಗರಗಳಲ್ಲಿ ಹೆಚ್ಚಿನ ಕನ್ನಡ ಚಿತ್ರಗಳು ಒಂದೋ ಎರಡೋ ಪ್ರದರ್ಶನ ಕಂಡು ಮಾಯವಾಗುತ್ತವೆ. ಅದೂ ಎರಡು ರೈಲು ಬದಲಿಸಿ ಹೋಗಬೇಕಾದ ದೂರದಲ್ಲಿ. ನಾಲ್ಕಾರು ಮನೆಯವರು ಒಟ್ಟಾಗಿ ಕುಳಿತು ತಮ್ಮ ಭಾಷೆಯ ಚಿತ್ರವನ್ನೋ, ಊರಿನ ಯಕ್ಷಗಾನದ ಮುದ್ರಿಕೆಯನ್ನೋ ನೋಡಬೇಕೆಂದು ಬಯಸಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ತಪ್ಪು ಇರುವುದು ಹಣವನ್ನು ಎಲ್ಲಿಂದ ಖರ್ಚು ಮಾಡಲಾರಂಭಿಸುತ್ತೇವೆ ಎಂಬಲ್ಲಿ. ಈ ವಿಷಯ ನನ್ನ ತಲೆಗೆ ಬರಲು ಕಾರಣರಾದವರು ನನ್ನ ಸ್ನೇಹಿತರೊಬ್ಬರು. ಹೆಸರು ಬೇಡ. ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಸಪ್ಲಾಯರರಾಗಿ, ಗಲ್ಲೆಗೇರಿ, ಕೊನೆಗೆ ಒಂದು ಸಣ್ಣ ಹೋಟೆಲಿನಲ್ಲಿ ಪಾಲುದಾರರಾದವರು. ಈಗ ಪುಣೆಯ ಹೊರಗೆ ಸಾಲುಮನೆಗಳ ಕೊನೆಯದೊಂದನ್ನು ಕೊಂಡಿದ್ದಾರೆ. ಮನೆಗೆ ನೆಲಮಾಳಿಗೆಯಿದೆ: ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಮೂರು ಕಡೆ ಮಣ್ಣು, ನಾಲ್ಕನೆಯ ಕಡೆ ನೆರೆಮನೆಗೂ ಸೇರಿದ ಕಾಂಕ್ರೀಟಿನ ನಡುಗೋಡೆ. ಮೇಲಿನಿಂದ ಒಂದೇ ಮೆಟ್ಟಿಲು. ಹಿಂಬದಿಯ ಗೋಡೆಯ ಮೇಲ್ಭಾಗದಲ್ಲಿ ಹೊರಗಿನ ಗಾಳಿಬಾವಿಗೆ ತೆರೆಯುವ ಒಂದು ಕಿಟಕಿ. “ಮೂರು ಲಕ್ಷ ರೂಪಾಯಿ ಇಟ್ಟಿದ್ದೇನೆ ಮಾರಾಯರೇ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಬಂದು ನೋಡಿ ಹೇಳಿ” ಎಂದು ಕರೆದರು. ನಾನು ಶಬ್ದಶಾಸ್ತ್ರದ ಪಂಡಿತನಲ್ಲ. ಆದರೆ ಈ ವಿಷಯದಲ್ಲಿ ಒಮ್ಮೆ ಕೈಸುಟ್ಟುಕೊಂಡವನು. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಗುತ್ತಿಗೆದಾರನು ಬರೆದುಕೊಟ್ಟ ಅಂದಾಜುಪಟ್ಟಿಯನ್ನು ಅವರು ನನ್ನ ಮುಂದಿಟ್ಟರು. ಧ್ವನಿವರ್ಧಕಗಳು ಮತ್ತು ಅವುಗಳ ಯಂತ್ರಕ್ಕೆ 1,45,000, ಪ್ರೊಜೆಕ್ಟರಿಗೆ 75,000, ಗೋಡೆಗೂ ಮಾಡಿಗೂ ಅಂಟಿಸುವ ಫೋಮ್ ಹಾಳೆಗಳಿಗೆ 55,000, ಜಮಖಾನೆ, ಬಣ್ಣದ ದೀಪಗಳಿಗೆ 25,000. ಬಾಗಿಲಿಗೆ ಏನೂ ಇಲ್ಲ, ಮೆಟ್ಟಿಲಿನ ತಲೆಯಲ್ಲಿರುವ ಪೊಳ್ಳು ಹಲಗೆಯ ಬಾಗಿಲೇ ಸಾಕಂತೆ. ಗಾಳಿಗೂ ಏನೂ ಇಲ್ಲ, ಮನೆಯಲ್ಲಿದ್ದ ಹಳೆಯ ಹವಾನಿಯಂತ್ರಕವನ್ನು ಕೆಳಗಿಳಿಸುವುದಂತೆ. ಇಷ್ಟು ಸಾಲದೆಂಬಂತೆ, ಕತ್ತಲೆಯೂ ನಿಶ್ಶಬ್ದವೂ ಪೂರ್ಣವಾಗಲೆಂದು ಇದ್ದ ಒಂದೇ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿಬಿಡುವುದಂತೆ.

ಈ ಪಟ್ಟಿ ತಲೆಕೆಳಗಾಗಿದೆ ಎಂದು ನಾನು ಅಲ್ಲಿಯೇ ಹೇಳಿದೆ. ಅಲ್ಪ ಹಣದವನು ಚಿತ್ರಕೋಣೆ ಮಾಡುವುದಾದರೆ ಮೊದಲ ರೂಪಾಯಿಯನ್ನು ಬಾಗಿಲಿಗೆ, ಮಾಡಿಗೆ, ಗಾಳಿಗೆ ಮತ್ತು ಹೊರಬರುವ ದಾರಿಗೆ ಹಾಕತಕ್ಕದ್ದು. ಉಳಿದುದರಲ್ಲಿ ಯಂತ್ರಗಳನ್ನು ಕೊಳ್ಳತಕ್ಕದ್ದು. ಯಂತ್ರವನ್ನು ಐದು ವರ್ಷದ ಮೇಲೆ ಬದಲಿಸಬಹುದು. ಮಾಡನ್ನು ಬಿಚ್ಚಿ ಮತ್ತೆ ಕಟ್ಟುವವರು ಯಾರೂ ಇಲ್ಲ.

ಜನಸಾಮಾನ್ಯರಲ್ಲಿಯೂ ಗುತ್ತಿಗೆದಾರರಲ್ಲಿಯೂ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಿಸಿ ಹೇಳುವುದು ಅವಶ್ಯಕ. ಕೋಣೆಯೊಳಗಿನ ಸದ್ದು ಗೋಡೆಯಿಂದ ಗೋಡೆಗೆ ಪುಟಿದು ಮಾತು ಕಲಸಿಹೋಗದಂತೆ ಮಾಡುವುದು ಒಂದು ಕೆಲಸ. ಕೋಣೆಯ ಸದ್ದು ಹೊರಕ್ಕೆ ಹೋಗದಂತೆ ತಡೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಮೆತ್ತನೆಯ, ರಂಧ್ರಮಯವಾದ ವಸ್ತು ಬೇಕು. ಎರಡನೆಯದಕ್ಕೆ ಭಾರ ಬೇಕು, ಬಿರುಕಿಲ್ಲದಿರಬೇಕು, ಒಂದು ಪದರಕ್ಕೂ ಮತ್ತೊಂದಕ್ಕೂ ನೇರ ಸಂಪರ್ಕವಿಲ್ಲದಿರಬೇಕು. ಅಂಗೈಯಲ್ಲಿ ಹಿಡಿದರೆ ಹತ್ತಿಯಂತೆ ಹಗುರವಾಗಿರುವ ಫೋಮು ಎರಡನೆಯ ಕೆಲಸವನ್ನು ಮಾಡಲಾರದು. ಅದರ ಮೂಲಕ ಬಾಯಿಯಿಂದ ಗಾಳಿ ಊದಿ ನೋಡಿರಿ. ಉಸಿರು ಆಚೆಗೆ ಹೋಗುವ ವಸ್ತುವಿನಲ್ಲಿ ಸದ್ದೂ ಆಚೆಗೆ ಹೋಗುತ್ತದೆ.

ಇನ್ನು ನಾನು ಕೈಸುಟ್ಟುಕೊಂಡ ಕಥೆ. ಅನೇಕ ವರ್ಷಗಳ ಹಿಂದೆ ನಾವು ಕೆಲವರು ಸೇರಿ ಒಂದು ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು, ಭಾನುವಾರಗಳಲ್ಲಿ ತಾಳಮದ್ದಳೆಯ ಅಭ್ಯಾಸ ನಡೆಸುತ್ತಿದ್ದೆವು. ಚೆಂಡೆಯ ಸದ್ದಿಗೆ ಮೇಲಿನ ಮಾಳಿಗೆಯವರು ಗೊಣಗಿದರು. ಯಾರೋ ಬಲ್ಲವರು, ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಸದ್ದು ಹೊರಹೋಗದೆಂದರು. ನಮ್ಮಲ್ಲಿ ಹೆಚ್ಚಿನವರು ಉಡುಪಿ ಹೋಟೆಲಿನವರು. ಅಲ್ಲಿ ಮೊಟ್ಟೆಯೆಲ್ಲಿಂದ ಬರಬೇಕು! ಇರಾನಿ ಹೋಟೆಲಿನ ಹಿಂಬಾಗಿಲಿಗೆ ಹೋಗಿ ಬೇಡಿ ಬೇಡಿ ಇನ್ನೂರಕ್ಕೂ ಮಿಕ್ಕಿ ತಟ್ಟೆಗಳನ್ನು ತಂದೆವು. ಎರಡು ಭಾನುವಾರ ಅಂಟಿಸಿದ್ದಾಯಿತು. ಮೂರನೆಯ ಭಾನುವಾರ ಚೆಂಡೆ ಬಾರಿಸಿದರೆ ಕೋಣೆಯೊಳಗೆ ಸ್ವಲ್ಪ ಮೃದುವಾಗಿ ಕೇಳಿಸಿತು, ನಮಗೆಲ್ಲ ಸಂತೋಷವಾಯಿತು. ಮೇಲಿನವರಿಗೆ ಮಾತ್ರ ಹಿಂದಿನಷ್ಟೇ ಕೇಳಿಸಿತು. ಜಿರಳೆಗಳು ಬಂದದ್ದೊಂದೇ ಲಾಭ. ತಿಂಗಳ ಕೊನೆಗೆ ಕೋಣೆಯನ್ನು ಬಿಡಬೇಕಾಯಿತು.

ಅದು ನಗುವ ಕಥೆ. ಫೋಮಿನ ಕಥೆ ನಗುವಂಥದಲ್ಲ. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ವೆಸ್ಟ್ ವಾರ್ವಿಕ್ ಎಂಬಲ್ಲಿ ಒಂದು ಸಂಗೀತಶಾಲೆಯಿತ್ತು. ನೆರೆಯವರು ಸದ್ದಿನ ಬಗ್ಗೆ ದೂರು ಕೊಟ್ಟುದರಿಂದ ಅದರ ವೇದಿಕೆಯ ಸುತ್ತ ಪಾಲಿಯುರಿಥೇನ್ ಫೋಮನ್ನು ಅಂಟಿಸಿದ್ದರು. 2003ರ ಫೆಬ್ರವರಿ 20ರ ರಾತ್ರಿ ವೇದಿಕೆಯ ಬಾಣಬಿರುಸಿನ ಕಿಡಿ ಅದಕ್ಕೆ ತಗಲಿತು. ನೂರು ಮಂದಿ ಸತ್ತರು. ಬ್ರೆಜಿಲಿನ ಸಾಂತಾ ಮರಿಯಾದಲ್ಲಿ 2013ರ ಜನವರಿ 27ರಂದು ಅದೇ ರೀತಿ ಮಾಡಿಗೆ ಅಂಟಿಸಿದ ಫೋಮಿಗೆ ಕಿಡಿ ಹಾರಿ 242 ಜನ ಸತ್ತರು. ಹೆಚ್ಚಿನವರು ಸುಟ್ಟು ಸತ್ತವರಲ್ಲ, ವಿಷದ ಹೊಗೆ ಕುಡಿದು ಸತ್ತವರು. ಮನೆಯಲ್ಲಿ ಬಾಣಬಿರುಸು ಯಾರು ಹಚ್ಚುತ್ತಾರೆ ಎಂದು ಕೇಳಬಹುದು. ಆದರೆ ಮನೆಯಲ್ಲಿ ಕಾದ ತಂತಿಯಿದೆ, ದೇವರ ದೀಪವಿದೆ, ಗುಟ್ಟಾಗಿ ಬೀಡಿ ಸೇದುವ ಭಾವಂದಿರಿದ್ದಾರೆ. ಎಲ್ಲ ಫೋಮೂ ಒಂದೇ ಜಾತಿಯದಲ್ಲವೆಂಬುದು ನಿಜ, ಬೆಂಕಿ ತಡೆಯುವ ಬಗೆಗಳೂ ಇವೆ. ಆದರೆ ಅಗ್ಗವೆಂದು ಅಂಗಡಿಯವನು ಕೊಡುವ ಹಾಳೆ ಯಾವ ಜಾತಿಯದೆಂದು ಕಣ್ಣಿನಿಂದ ನೋಡಿ ತಿಳಿಯುವುದು ಸಾಧ್ಯವಿಲ್ಲ. ಒಂದೇ ಮೆಟ್ಟಿಲಿರುವ ನೆಲಮಾಳಿಗೆಯಲ್ಲಿ ಅಂಥ ಪರೀಕ್ಷೆಗೆ ಇಳಿಯಬಾರದು. ಪ್ರತಿಧ್ವನಿಯನ್ನು ತಗ್ಗಿಸಲು ರಾಕ್‌ವೂಲ್ ಎಂದು ಅಂಗಡಿಯಲ್ಲಿ ಸಿಕ್ಕುವ ಕಲ್ಲಿನ ಉಣ್ಣೆಯಿದೆ. ಕಲ್ಲನ್ನೇ ಕರಗಿಸಿ ನೂಲು ತೆಗೆದದ್ದಾದ್ದರಿಂದ ಅದು ಉರಿಯುವುದಿಲ್ಲ. ಎರಡು ಅಂಗುಲ ದಪ್ಪದ ಹಾಳೆಯನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಮೇಲೆ ದಟ್ಟವಾದ ಹತ್ತಿಯ ಬಟ್ಟೆಯನ್ನು ಬಿಗಿದರೆ ಊರ ಬಡಗಿಯೇ ಮಾಡಿಕೊಡುತ್ತಾನೆ. ಇಡೀ ಗೋಡೆಗೆ ಬೇಕಾಗಿಲ್ಲ. ಕುಳಿತವರ ಎಡಬಲಕ್ಕೆ ಎರಡೆರಡು, ಬೆನ್ನ ಹಿಂದೆ ಎರಡು ಸಾಕು. ಕೈಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಕು, ಅದರ ಚೂರು ತುರಿಕೆ ತರುತ್ತದೆ.

ನಾನು ಹೋದ ದಿನ ನಾವು ಒಂದು ಪರೀಕ್ಷೆ ಮಾಡಿದೆವು. ಖರ್ಚಿಲ್ಲದ ಪರೀಕ್ಷೆಯಾದುದರಿಂದ ವಾಚಕರೂ ಮಾಡಬಹುದು. ಕೆಳಗೆ ದೀಪವಾರಿಸಿ, ಮೆಟ್ಟಿಲಿನ ತಲೆಯ ಬಾಗಿಲು ಹಾಕಿ, ಅವರ ಮಗನು ಆಚೆಯಿಂದ ಬಾಗಿಲ ಸುತ್ತ ಟಾರ್ಚು ಹಿಡಿದನು. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಬೆಳಕು. ಬೀಗದ ಬಳಿ ಬೆಳಕು. ಚೌಕಟ್ಟು ಗೋಡೆಗೆ ಸೇರುವಲ್ಲಿ ಕೂದಲೆಳೆಯ ಬೆಳಕು. ಬೆಳಕು ಬರುವಲ್ಲೆಲ್ಲ ಸದ್ದು ಹೋಗುತ್ತದೆ. ಬಳಿಕ ಸ್ನೇಹಿತರು ಕೆಳಗೆ ಯಕ್ಷಗಾನದ ಮುದ್ರಿಕೆಯನ್ನು ಹಚ್ಚಿದರು. ಮೇಲೆ ನಿಂತ ನನಗೆ ಚೆಂಡೆಯ ಒಂದೊಂದು ಪೆಟ್ಟೂ ಸ್ಪಷ್ಟವಾಗಿ ಕೇಳಿಸಿತು. ಬಾಗಿಲಿಗೆ ಎರಡು ರಗ್ಗು ತೂಗಿಸಿ, ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದೆವು. ಚೆಂಡೆ ಎಷ್ಟೋ ಹಿಂದೆ ಸರಿಯಿತು, ಭಾಗವತರ ಪದ ಮಾತಾಗಿ ತಿಳಿಯದಾಯಿತು. ಆಮೇಲೆ ಹೊಡೆದಾಟದ ಚಿತ್ರವೊಂದನ್ನು ಹಾಕಿದರು. ರಗ್ಗು ಸೀರೆಗಳಿಂದ ಅದಕ್ಕೆ ಏನೂ ಆಗಲಿಲ್ಲ. ಮಾತು ಕೇಳಿಸದು, ಆದರೆ ಗುಡುಗಿನಂಥದೊಂದು ಮೊರೆತ ಅಂಗಾಲಿನಿಂದಲೇ ಏರಿ ಬರುತ್ತಿತ್ತು.

ಈ ಎರಡು ಅನುಭವಗಳಲ್ಲಿ ವಿಷಯವೆಲ್ಲ ಅಡಗಿದೆ. ಸದ್ದಿನ ಅಳತೆ ಡೆಸಿಬೆಲ್ಲು. ಅದರ ಲೆಕ್ಕ ನಮ್ಮ ಖಾತೆಪುಸ್ತಕದ ಲೆಕ್ಕದಂತಲ್ಲ. ಹತ್ತು ಕಡಿಮೆಯಾದರೆ ಶಬ್ದದ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಕಿವಿಗೆ ಮಾತ್ರ ಅರ್ಧವಾದಂತೆ ತೋರುತ್ತದೆ. ಎರಡೂ ಕಡೆ ಗಾರೆ ಬಳಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ಲನ್ನು ತಡೆಯುತ್ತದೆ. ಕಾಂಕ್ರೀಟಿನ ಗೋಡೆ ಅದಕ್ಕೂ ಮೇಲು. ಪೊಳ್ಳು ಹಲಗೆಯ ಬಾಗಿಲು ತಡೆಯುವುದು 20ರಷ್ಟು ಮಾತ್ರ. ಗೋಡೆ ಎಷ್ಟೇ ದಪ್ಪವಿರಲಿ, ಅದರ ವಿಸ್ತೀರ್ಣದಲ್ಲಿ ನೂರರಲ್ಲೊಂದು ಪಾಲು ತೆರೆದ ಸಂದಿಯಿದ್ದರೆ ಒಟ್ಟು ತಡೆ 20ಕ್ಕೆ ಬಂದು ನಿಲ್ಲುತ್ತದೆ. ಹಾಲಿನ ಪಾತ್ರೆಗೆ ಎಷ್ಟು ದಪ್ಪ ತಾಮ್ರವಾದರೇನು, ತಳದಲ್ಲಿ ತೂತಿದ್ದರೆ? ಆದುದರಿಂದ ಮೆಟ್ಟಿಲಿನ ತಲೆಗೊಂದು, ಬುಡಕ್ಕೊಂದು ಹೀಗೆ ಎರಡು ಬಾಗಿಲು, ಎರಡೂ ಗಟ್ಟಿ ಹಲಗೆಯವು, ಸುತ್ತಲೂ ರಬ್ಬರಿನ ಪಟ್ಟಿ, ಕೆಳಗೆ ಹೊಸ್ತಿಲು. ಚೌಕಟ್ಟಿನ ಹಿಂದಿನ ಸಂದಿಗೆ ಗಾರೆ. ಬಾಗಿಲಿಗೆ ಒಳಗಿನಿಂದ ಬೀಗ ಬೇಡ. ಕತ್ತಲೆಯಲ್ಲಿ ಮಗು ತಳ್ಳಿದರೂ ಹೊರಗೆ ತೆರೆದುಕೊಳ್ಳುವಂತಿರಬೇಕು.

ಮೊರೆತದ ವಿಷಯ ಬೇರೆ. ತೆಳುಸದ್ದಿನ ಅಲೆ ಒಂದಡಿಯಷ್ಟು ಉದ್ದವಿದ್ದರೆ, ಗುಡುಗಿನಂಥ ತಗ್ಗು ಸದ್ದಿನ ಅಲೆ ಇಪ್ಪತ್ತು ಅಡಿಗೂ ಮಿಕ್ಕಿ ಉದ್ದವಿರುತ್ತದೆ. ಎರಡಂಗುಲದ ಉಣ್ಣೆಯೋ ರಗ್ಗೋ ಅದನ್ನು ಏನು ಮಾಡೀತು! ಅದು ನೆಲವನ್ನೂ ಮಾಡನ್ನೂ ನಡುಗಿಸಿ, ಕಾಂಕ್ರೀಟಿನ ಮೂಲಕವೇ ನೆರೆಮನೆಗೆ ಸೇರುತ್ತದೆ. ಅದಕ್ಕೆ ಬಡವನ ಮದ್ದು ಎರಡು. ಒಂದು, ಕಾಂಕ್ರೀಟಿನ ಮಾಡಿಗೆ ರಬ್ಬರು ಕೂರಿಸಿದ ತೂಗುಕೊಂಡಿಗಳಿಂದ ಎರಡನೆಯ ಮಾಡೊಂದನ್ನು ಇಳಿಬಿಟ್ಟು, ನಡುವೆ ಕಲ್ಲುಣ್ಣೆ ಹರಡಿ, ಕೆಳಗೆ ಜಿಪ್ಸಂ ಹಲಗೆಯನ್ನು ಎರಡು ಪದರ, ಒಂದರ ಸಂದಿ ಇನ್ನೊಂದರ ಸಂದಿಗೆ ಬಾರದಂತೆ ಕೂಡಿಸುವುದು. ಇದರಿಂದ ಮೊರೆತ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಇನ್ನೊಂದು ಮದ್ದಿಗೆ ಕಾಸು ಬೇಕಿಲ್ಲ. ಮೊರೆತಕ್ಕೆಂದೇ ಮಾರುವ ಆ ದೊಡ್ಡ ಪೆಟ್ಟಿಗೆಯನ್ನು, ಸಬ್‌ವೂಫರನ್ನು, ಚಿಕ್ಕದಾಗಿ ಕೊಂಡು, ದಪ್ಪ ರಬ್ಬರಿನ ಮೇಲಿರಿಸಿ, ನಡುಗೋಡೆಯಿಂದ ದೂರದ ಮೂಲೆಯಲ್ಲಿಟ್ಟು, ತಗ್ಗಿಸಿ ಬಾರಿಸುವುದು. ಇದನ್ನು ಕೇಳಿ ಸ್ನೇಹಿತರ ಮಗನ ಮುಖ ಬಾಡಿತು. ಅವನಿಗೆ ಕುರ್ಚಿ ಅದುರಬೇಕಂತೆ.

ಇನ್ನು ಗಾಳಿ. ಸದ್ದು ಹೋಗದಂತೆ ಮುಚ್ಚಿದ ಕೋಣೆಯಲ್ಲಿ ಗಾಳಿಯೂ ಓಡಾಡುವುದಿಲ್ಲವೆಂಬುದನ್ನು ಈ ಗುತ್ತಿಗೆದಾರರಲ್ಲಿ ಎಷ್ಟು ಮಂದಿ ಯೋಚಿಸಿದ್ದಾರೋ ದೇವರೇ ಬಲ್ಲ. ಸುಮ್ಮನೆ ಕುಳಿತ ಮನುಷ್ಯನು ಗಂಟೆಗೆ ಸುಮಾರು ಹದಿನೆಂಟು ಲೀಟರು ಇಂಗಾಲಾಮ್ಲವನ್ನು ಬಿಡುತ್ತಾನೆ. ನನ್ನ ಸ್ನೇಹಿತರ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 49,000 ಲೀಟರು. ಎಂಟು ಜನ ಎರಡೂವರೆ ಗಂಟೆ ಕುಳಿತರೆ, ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಹದಿನೈದು ಪಾಲಿಗೂ ಮಿಕ್ಕಿ ಇಂಗಾಲಾಮ್ಲ ಒಳಗೆ ತುಂಬಿರುತ್ತದೆ. ಯಾರೂ ಸಾಯುವುದಿಲ್ಲ, ತಲೆಭಾರವಾಗಿ, ಆಕಳಿಸಿ, ಚಿತ್ರ ಚೆನ್ನಾಗಿರಲಿಲ್ಲವೆಂದು ನಿರ್ದೇಶಕನನ್ನು ಬೈದು ಎದ್ದು ಹೋಗುತ್ತಾರೆ. ಗೋಡೆಗೆ ತೂಗುಹಾಕುವ ಹವಾನಿಯಂತ್ರಕವು ಹೊರಗಿನಿಂದ ಹೊಸ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಣಿಸಿ ಮತ್ತೆ ಬಿಡುತ್ತದೆ. ಹೋಟೆಲಿನ ಅಡಿಗೆಮನೆಯಲ್ಲಿ ಬೆಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಗೆ ಎಳೆಯುವ ಫ್ಯಾನು ನಿಂತ ದಿನ ಬಾಯ್ಲರಿನ ಬಳಿ ನಿಂತವನ ಗತಿ ಏನೆಂದು ನಮಗೆ ಗೊತ್ತು. ಆದುದರಿಂದ ಒಂದು ಕೊಳವೆಯಿಂದ ಹೊಸ ಗಾಳಿ ಒಳಗೆ, ಮತ್ತೊಂದರಿಂದ ಹಳೆಯದು ಹೊರಗೆ. ಕೊಳವೆಯು ನೇರವಾಗಿದ್ದರೆ ಸದ್ದೂ ಅದರಲ್ಲಿಯೇ ನಡೆದುಹೋಗುತ್ತದೆ. ಎರಡು ಮೂರು ತಿರುವುಗಳಿರಬೇಕು, ಒಳಮೈಗೆ ಉರಿಯದ ಉಣ್ಣೆಯ ಲೇಪವಿರಬೇಕು, ಫ್ಯಾನು ಕೋಣೆಯಿಂದ ದೂರವಿದ್ದು ನಿಧಾನವಾಗಿ ತಿರುಗಬೇಕು.

ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚುವ ಮಾತಿಗೆ ನಾನು ಖಂಡಿತವಾಗಿ ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು, ಕೆಳಗಿನ ವಾಹನ ನಿಲ್ಲಿಸುವ ಭಾಗದಲ್ಲಿದ್ದ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿತು. ಹೊಗೆ ಬಾಲ್ಕನಿಗೆ ಏರಿತು. ಹೆಚ್ಚು ಕುರ್ಚಿಗಳನ್ನು ಹಾಕುವುದಕ್ಕಾಗಿ ಅಲ್ಲಿಯ ದಾರಿಯೊಂದನ್ನು ಮುಚ್ಚಿದ್ದರು. 59 ಜನ ಸತ್ತರು. ಅವರು ಹೋದದ್ದು ಚಿತ್ರ ನೋಡಲಿಕ್ಕೆ. ಮನೆಯ ಕೋಣೆ ಸಣ್ಣದೆಂದು ನ್ಯಾಯ ಬೇರೆಯಾಗುವುದಿಲ್ಲ. ಕಿಟಕಿಗೆ ದಪ್ಪ ಹಲಗೆಯ ಮುಚ್ಚಳವೊಂದನ್ನು ರಬ್ಬರಿನ ಅಂಚಿನೊಡನೆ ಮಾಡಿಸಿ, ಕೈಯಿಂದಲೇ ಎಳೆದು ತೆಗೆಯುವಂತೆ ಇಟ್ಟುಕೊಳ್ಳಬಹುದು. ಕೆಳಗೆ ಗೋಡೆಗೆ ಕಬ್ಬಿಣದ ನಾಲ್ಕು ಮೆಟ್ಟಿಲು. ಕಿಟಕಿಯ ಕಂಬಿಗಳಿಗೆ ಒಳಗಿನಿಂದ ತೆರೆಯುವ ಬಿಜಾಗರಿ. ಹೊಗೆ ಬಂದರೆ ಕೂಗುವ ಗಂಟೆಯನ್ನು ಮಾಡಿಗೆ ಹಾಕುವುದಕ್ಕೆ ಹೆಚ್ಚು ಖರ್ಚಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಬುದ್ಧಿ ಹೇಳಬೇಕಾಗಿಲ್ಲವೆಂದು ತಿಳಿದಿದ್ದೆ. ಆಷಾಢದ ಮಳೆಯಲ್ಲಿ ಹುಟ್ಟಿದವರು ನಾವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದು, ಕತ್ತಿನವರೆಗಿನ ನೀರಿನಲ್ಲಿ ನಡೆದು ಮನೆ ಸೇರಿದವರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಆದರೂ ಮರೆಯುತ್ತೇವೆ. ದಿಲ್ಲಿಯ ಹಳೆ ರಾಜೇಂದ್ರನಗರದಲ್ಲಿ 2024ರ ಜುಲೈ 27ರಂದು ನೆಲಮಾಳಿಗೆಯ ವಾಚನಾಲಯವೊಂದಕ್ಕೆ ಮಳೆನೀರು ನುಗ್ಗಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತುದು ಇನ್ನೂ ಹಳೆಯ ಮಾತಲ್ಲ. ಅನೇಕ ನಗರಸಭೆಗಳ ನಿಯಮದಲ್ಲಿ ನೆಲಮಾಳಿಗೆಯು ವಾಹನಕ್ಕೆ, ಸಾಮಾನಿಗೆ ಮಾತ್ರವೆಂದು ಇರುತ್ತದೆ. ಮಂಜೂರಾದ ನಕಾಶೆಯಲ್ಲಿ ಏನು ಬರೆದಿದೆಯೆಂದು ನೋಡಿ, ಬೇಕಾದ ಅಪ್ಪಣೆಯನ್ನು ಪಡೆದೇ ಕೆಲಸ ಹಿಡಿಯಬೇಕು. ಅಪ್ಪಣೆ ಸಿಕ್ಕಿದ ಮೇಲೂ ಒಂದು ಮಳೆಗಾಲ ಸುಮ್ಮನಿದ್ದು, ಬರಿಯ ಗೋಡೆಯ ಮೇಲೆ ತೇವ ಎಲ್ಲಿ ಮೂಡುತ್ತದೆಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು. ತೇವದ ಗೋಡೆಗೆ ಉಣ್ಣೆ ಮುಚ್ಚಿದರೆ ವರ್ಷದೊಳಗೆ ಬೂಷ್ಟು ಹಿಡಿದು ಕೆಮ್ಮು ತರುತ್ತದೆ. ವಿದ್ಯುತ್ತಿನ ಹಲಗೆಯನ್ನು ನೆಲಮಾಳಿಗೆಯಲ್ಲಿ ಇಡಲೇಬಾರದು, ಮೇಲಿನ ಮಜಲಿನಲ್ಲಿರಲಿ. ಸೋರುವ ವಿದ್ಯುತ್ತನ್ನು ಕಂಡು ತಾನೇ ಕಡಿಯುವ ಸ್ವಿಚ್ಚು ಅದರಲ್ಲಿರಲಿ.

ಇಷ್ಟೆಲ್ಲ ಮಾಡಿದರೆ ಮೂರು ಲಕ್ಷದಲ್ಲಿ ಯಂತ್ರಕ್ಕೆ ಏನುಳಿಯುತ್ತದೆ? ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಲೆಕ್ಕ ಹಾಕಿದೆವು. ಅವರ ಪತ್ನಿ ಚಹಾ ಕೊಟ್ಟು, ತಾವೂ ಕುಳಿತರು. ಅಂಕಿಗಳನ್ನು ಹೆಚ್ಚು ಬಿಗಿಯಾಗಿ ಹಿಡಿದವರು ಅವರೇ. ಎರಡು ಬಾಗಿಲಿಗೆ 40,000. ಇಳಿಬಿಟ್ಟ ಮಾಡಿಗೆ 90,000. ಗಾಳಿಯ ಕೊಳವೆ, ಫ್ಯಾನಿಗೆ 30,000. ಉಣ್ಣೆಯ ಚೌಕಟ್ಟುಗಳಿಗೆ 25,000. ವಿದ್ಯುತ್ತಿನ ಕೆಲಸ, ಹೊಗೆಯ ಗಂಟೆ, ಕಿಟಕಿಯ ಮುಚ್ಚಳ ಮೆಟ್ಟಿಲುಗಳಿಗೆ 20,000. ಉಳಿದುದು 95,000. ಅದರಲ್ಲಿ 50,000ಕ್ಕೆ ಪ್ರೊಜೆಕ್ಟರು, 45,000ಕ್ಕೆ ಧ್ವನಿವರ್ಧಕಗಳು. ಪರದೆ ಕೊಳ್ಳುವುದಿಲ್ಲ, ಎದುರಿನ ಗೋಡೆಯನ್ನು ನುಣ್ಣಗೆ ಉಜ್ಜಿ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ, ಮೂಲೆಯಿಂದ ಮೂಲೆಗೆ ನೂರಂಗುಲದ, ಎಂದರೆ ಏಳೂಕಾಲು ಅಡಿ ಅಗಲದ ಚಿತ್ರ ಅದರ ಮೇಲೆ ಬರುತ್ತದೆ. ಹತ್ತು ಅಡಿ ದೂರದಲ್ಲಿ ಕುಳಿತರೆ ಕಣ್ಣು ತುಂಬುವಷ್ಟು. ಬಣ್ಣದ ದೀಪಗಳ ಆಸೆ ಬಿಟ್ಟುಹೋಯಿತು. ಜಮಖಾನೆಗೆ ಮನೆಯಲ್ಲಿಯೇ ಇದ್ದ ಹಳೆಯದು.

ಧ್ವನಿಗೆ 45,000 ಸಾಲದೆಂದು ಮಗನು ವಾದಿಸಿದ. ಸಾಲದು, ನಿಜ. ಅಂಗಡಿಯ ತೋರಿಕೆಯ ಕೋಣೆಯಲ್ಲಿ ಕೇಳಿಸಿದ್ದು ಇಲ್ಲಿ ಕೇಳಿಸದು. ಆದರೆ ಒಂದೂವರೆ ಲಕ್ಷದ ಯಂತ್ರವನ್ನು ತಂದು ಪೊಳ್ಳು ಬಾಗಿಲಿನ ಹಿಂದೆ ಇಟ್ಟವನು ಅದನ್ನು ಕಾಲುಭಾಗಕ್ಕೆ ತಗ್ಗಿಸಿಯೇ ಬಾರಿಸಬೇಕಾಗುತ್ತದೆ. ಬಾಗಿಲು ಗಟ್ಟಿಯಿರುವವನು ಸಾಧಾರಣ ಯಂತ್ರವನ್ನು ಮನಸ್ಸಿಗೆ ಬಂದಷ್ಟು ಏರಿಸಿ ಕೇಳಬಲ್ಲನು.

ಕಾನೂನಿನ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಸದ ವಲಯಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲೆಂದು ಮಿತಿಯಿಟ್ಟಿದ್ದಾರೆ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಿಗ್ಗೆ ಆರರ ತನಕ. ಖಾಸಗಿ ಸ್ಥಳದಲ್ಲಿ ನುಡಿಸುವ ಧ್ವನಿಯಂತ್ರದ ಸದ್ದು ಆ ಸ್ಥಳದ ಎಲ್ಲೆಯಲ್ಲಿ ಆ ಮಿತಿಯನ್ನು 5 ಡೆಸಿಬೆಲ್ಲಿಗಿಂತ ಹೆಚ್ಚು ಮೀರಕೂಡದು. ಕೆಳಗೆ 85 ಇದ್ದರೆ ಪೊಳ್ಳು ಬಾಗಿಲಿನ ಆಚೆ 65 ಕೇಳಿಸುತ್ತದೆ. ಮೇಲಿನ ಹಜಾರದ ಕಿಟಕಿ ತೆರೆದಿದ್ದರೆ ಅದು ನೆರೆಮನೆಯ ಕಿಟಕಿಗೆ ಎಷ್ಟು ದೂರ?

ಕಾನೂನನ್ನು ನಾನು ಕೊನೆಗೆ ತಂದುದಕ್ಕೆ ಕಾರಣವಿದೆ. ನಮ್ಮ ಪರೀಕ್ಷೆ ನಡೆಯುತ್ತಿದ್ದಾಗ ಮಧ್ಯಾಹ್ನ ಮೂರು ಗಂಟೆ. ನೆರೆಮನೆಯ ಮರಾಠಿ ಯಜಮಾನರು ಬಾಗಿಲಿಗೆ ಬಂದರು. ಜಗಳವಾಡಲಿಲ್ಲ. ತಮ್ಮ ಸೊಸೆ ಆಸ್ಪತ್ರೆಯಲ್ಲಿ ದಾದಿಯೆಂದೂ, ಆ ವಾರ ರಾತ್ರಿಪಾಳಿಯೆಂದೂ, ಈಗತಾನೇ ಕಣ್ಣು ಮುಚ್ಚಿದ್ದಾಳೆಂದೂ ಹೇಳಿ, ಇನ್ನು ಎಷ್ಟು ಹೊತ್ತು ಇದೆಯೆಂದು ಕೇಳಿದರು. ಹಗಲಿನ 55 ಡೆಸಿಬೆಲ್ಲಿನ ಅಪ್ಪಣೆ ನಮ್ಮ ಕೈಯಲ್ಲಿತ್ತು. ಆದರೆ ಅದನ್ನು ಅವರಿಗೆ ಓದಿ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಸ್ನೇಹಿತರು ಯಂತ್ರವನ್ನು ನಿಲ್ಲಿಸಿ, ತುಸು ಹೊತ್ತು ಮಾತಾಡದೆ ಕುಳಿತರು. ಬಳಿಕ ತಾವು ಮೊದಲು ಕೆಲಸಕ್ಕಿದ್ದ ಹೋಟೆಲಿನ ಅಟ್ಟದ ಸಂಗತಿ ಹೇಳಿದರು. ಕೆಳಗೆ ಇಡ್ಲಿ ರುಬ್ಬುವ ಯಂತ್ರ. ರಾತ್ರಿ ಹನ್ನೆರಡಕ್ಕೆ ಮೇಜು ಒರೆಸಿ ಅಟ್ಟ ಹತ್ತಿದರೆ ಮೂರೂವರೆಗೆ ಅದು ಗುಡುಗುತ್ತ ಎದ್ದು ಹುಡುಗರನ್ನೆಲ್ಲ ಎಬ್ಬಿಸುತ್ತಿತ್ತು. “ನಮ್ಮ ನಿದ್ರೆಗೆ ಆಗ ಯಾರೂ ಬೆಲೆ ಕಟ್ಟಲಿಲ್ಲ ಮಾರಾಯರೇ” ಎಂದರು. ಅಟ್ಟದಲ್ಲಿ ಮಲಗಿದವರು, ಹೋಟೆಲಿನ ಬೆಂಚನ್ನೇ ಹಾಸಿಗೆ ಮಾಡಿಕೊಂಡವರು, ರಾತ್ರಿಶಾಲೆ ಮುಗಿಸಿ ಬಂದು ಬೆಳಗಿನ ಪಾಳಿಗೆ ಎದ್ದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಆದುದರಿಂದ ಎರಡನೆಯ ಬಾಗಿಲಿಗೆ ಇಪ್ಪತ್ತು ಸಾವಿರ ಹೆಚ್ಚಾಯಿತೆಂದು ಗೊಣಗುವ ಮಾತು ಬೇರೆ ಯಾರ ಬಾಯಲ್ಲಿ ಬಂದರೂ ನಮ್ಮವರ ಬಾಯಲ್ಲಿ ಬರಬಾರದೆಂಬುದು ನನ್ನ ಅಭಿಪ್ರಾಯ.

ಬಾಗಿಲು, ಮಾಡು ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡುವುದೆಂದೂ, ಆಗ ಕೇಳಲು ನಿಲ್ಲುವುದು ನಮ್ಮ ಹಜಾರದಲ್ಲಲ್ಲ, ನೆರೆಯವರ ಮಲಗುವ ಕೋಣೆಯಲ್ಲೆಂದೂ, ಅಲ್ಲಿ ಕೇಳಿಸದಷ್ಟಕ್ಕೆ ಗುಂಡಿಯ ಮೇಲೆ ಕೆಂಪು ಗೆರೆ ಎಳೆಯುವುದೆಂದೂ ನಿಶ್ಚಯಿಸಿದೆವು. ದಾದಿಯ ರಾತ್ರಿಪಾಳಿಯ ವಾರಗಳನ್ನು ಅವರ ಮಾವನವರು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಕೊಡುತ್ತಾರಂತೆ. ಮಗನು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನೊಂದನ್ನು ಪಟ್ಟಿಗೆ ಸೇರಿಸಬೇಕೆಂದ. ಅವನ ತಾಯಿ ಜಮಖಾನೆ ಒಗೆಯಿಸುವ ಹಣದಲ್ಲಿ ಕೊಡಿಸುತ್ತೇನೆಂದರು. ಸದ್ಯಕ್ಕೆ ಕೋಣೆ ಬರಿದಾಗಿದೆ. ಗೋಡೆಯಲ್ಲಿ ಸೀಮೆಸುಣ್ಣದ ಮೂರು ಗುರುತುಗಳಿವೆ, ಮೂರೂ ಕಿಟಕಿಯ ಕೆಳಗೆ. ಮಳೆ ನಿಂತ ಮೇಲೆ ಬಡಗಿ ಬರುತ್ತಾನೆ.